ಪಾಠ ಕೇರಿಗೆ ಬಂತು, ದೀಕ್ಷೆ ಬರಲಿಲ್ಲ

ನಾವು ಏಳು ಮಂದಿ. ಬೈಲಹೊಂಗಲದವರು ಮೂವರು, ಕಿತ್ತೂರು ಕಡೆಯವರು ಇಬ್ಬರು, ಸವದತ್ತಿಯಿಂದ ಒಬ್ಬ ಹೆಣ್ಣುಮಗಳು, ರಾಮದುರ್ಗದಿಂದ ಒಬ್ಬ. ಎಲ್ಲರೂ ಕೇರಿಯವರೇ. ಹಗಲು ಕೈಯಲ್ಲಿ ಕುಡುಗೋಲು, ಇಲ್ಲವೆ ಶಾಲೆಯ ಸೀಮೆಸುಣ್ಣ. ಶನಿವಾರ ಸಂಜೆ ಬೈಲಹೊಂಗಲದ ಒಂದು ತಗಡಿನ ಕೋಣೆಯಲ್ಲಿ ಸೇರುತ್ತಿದ್ದೆವು. ರಾಮದುರ್ಗದವನು ಯರಗಟ್ಟಿ ಹಾದು ಬರಬೇಕು. ಬಸ್ಸು ತಪ್ಪಿದರೆ ಪಾಠ ತಪ್ಪಿದಂತೆ. "ಬಂದೆಲ್ಲೋ ಮಾರಾಯಾ, ಚಾ ಆರಿ ಹೋತು" ಅನ್ನುತ್ತಿದ್ದೆವು. ನಾವು ಕಲಿಯಲು ಕೂತದ್ದು ಪಾದ್ರಿಯ ಕೆಲಸವನ್ನು.

ಹಿಂದೆ ಈ ಕೆಲಸ ಕಲಿಯಬೇಕೆಂದರೆ ಊರು ಬಿಡಬೇಕಿತ್ತು. ಬಾಸೆಲ್ ಮಿಶನ್ನಿನವರು 1837ರಲ್ಲೇ ಧಾರವಾಡಕ್ಕೆ ಬಂದರು. ಆದರೆ ಅವರ ಸೆಮಿನರಿ ಇದ್ದದ್ದು ದೂರದ ಮಂಗಳೂರಿನ ಬಲ್ಮಠದಲ್ಲಿ. 1965ರಲ್ಲಿ ಅಲ್ಲಿಯೇ ಕರ್ನಾಟಕ ಥಿಯಲಾಜಿಕಲ್ ಕಾಲೇಜು ಆಯಿತು. ಶಾಸ್ತ್ರದ ಶಬ್ದ ನಮ್ಮ ಕಿವಿಗೆ ಬೀಳಬಾರದೆಂಬ ಕಟ್ಟಳೆ ಇದ್ದ ನಾಡಿನಲ್ಲಿ ದೇವರ ವಿಷಯವನ್ನು ಕನ್ನಡದಲ್ಲೇ ಓದಿಸಿದ್ದು ಸಣ್ಣ ಮಾತಲ್ಲ. ಆದರೆ ವರ್ಷಗಟ್ಟಲೆ ಹಾಸ್ಟೆಲ್ಲಿನಲ್ಲಿ ಕೂತರೆ ಬಿಳಿಜೋಳದ ರಾಶಿ ಯಾರು ಮಾಡಬೇಕು? ಸಾಲ ಕೊಟ್ಟವನ ಮುಂದೆ ಯಾರು ನಿಲ್ಲಬೇಕು? ನಮ್ಮ ಕಡೆಯಿಂದ ಹೋದ ಕೆಲವರು ಓದಿ ಬಂದರು, ಪಟ್ಟಣದ ಸಭೆ ಹಿಡಿದರು, ಕೇರಿಗೆ ಬಂದರೆ ಕುರ್ಚಿ ಹುಡುಕಿದರು. ಎಲ್ಲರೂ ಅಲ್ಲ. ಆದರೂ ನಮಗೆ ನೆನಪಿರುವುದು ಆ ಕುರ್ಚಿ.

ಈ ರೋಗ ನಮ್ಮದೊಂದೇ ಅಲ್ಲ. ಮಧ್ಯ ಅಮೆರಿಕದ ಗ್ವಾಟೆಮಾಲಾದಲ್ಲೂ ಸೆಮಿನರಿಗೆ ಹೋದ ಹಳ್ಳಿಯ ಹುಡುಗರು ಹಳ್ಳಿಗೆ ಮರಳುತ್ತಿರಲಿಲ್ಲ. 1963ರಲ್ಲಿ ಅಲ್ಲಿನ ಪ್ರೆಸ್ಬಿಟೇರಿಯನ್ ಸೆಮಿನರಿಯವರು ಸೆಮಿನರಿಯನ್ನೇ ಹಳ್ಳಿಗೆ ನಡೆಸಿದರು. ವಿದ್ಯಾರ್ಥಿ ಮನೆಯಲ್ಲಿ ಪುಸ್ತಕ ಓದುತ್ತಾನೆ, ತನ್ನ ಸಭೆಯಲ್ಲಿ ಕೆಲಸ ಮಾಡುತ್ತಾನೆ, ವಾರಕ್ಕೊಮ್ಮೆ ಮೇಷ್ಟ್ರು ಬಂದಾಗ ಕೂತು ಚರ್ಚಿಸುತ್ತಾನೆ. ದುಡಿಮೆ ಬಿಡಬೇಕಿಲ್ಲ. 1971ರಲ್ಲಿ ಬೆಂಗಳೂರಿನಲ್ಲಿ ಟಾಫ್ಟೀ ಎಂಬ ಸಂಸ್ಥೆ ಇದೇ ರೀತಿಯ ಓದನ್ನು ಶುರುಮಾಡಿತು. ನಮ್ಮ ಶನಿವಾರದ ವರ್ಗವೂ ಆ ಬಗೆಯದು.

ಪುಸ್ತಕ ಒಂದು ಪ್ರಶ್ನೆ ಕೇಳುತ್ತದೆ, ಕೆಳಗೆ ಗೆರೆ ಎಳೆದಿರುತ್ತದೆ, ಉತ್ತರ ತುಂಬಬೇಕು. ಉತ್ತರ ನಮಗೆ ಗೊತ್ತಿರುತ್ತಿತ್ತು, ಗೆರೆ ಸಾಲುತ್ತಿರಲಿಲ್ಲ. ತೊಂಬತ್ತೊಂಬತ್ತು ಕುರಿ ಬಿಟ್ಟು ಒಂದನ್ನು ಹುಡುಕಿ ಹೋದ ಕುರುಬನ ಪಾಠ ಬಂದಾಗ ಕಿತ್ತೂರಿನವನು ನಕ್ಕುಬಿಟ್ಟ. "ಉಳಿದ ಕುರಿ ಯಾರ ಹೊಲದಾಗ ತರಬಿ ಹೋದ್ನಂತ? ಹೊಲದ ಗೌಡ ಗೊಬ್ಬರಕ್ಕ ರೊಕ್ಕಾ ಕೊಟ್ಟಿದ್ನೋ ಇಲ್ಲೋ?" ಅಂದ. ಮೇಷ್ಟ್ರು ಸಿಟ್ಟಾಗಲಿಲ್ಲ, ಒಳ್ಳೆಯ ಮನುಷ್ಯ. ಅವತ್ತಿನ ಎರಡು ತಾಸು ಕುರಿ ಯಾರದು, ಹೊಲ ಯಾರದು ಎಂಬುದರ ಮೇಲೇ ಹೋಯಿತು.

ಇನ್ನೊಂದು ದಿನ ಪುಸ್ತಕ ಕೇಳಿತು: ದಾಂಪತ್ಯ ಮುರಿದವರಿಗೆ ಪಾಲಕನಾದವನು ಏನು ಹೇಳಬೇಕು? ಸವದತ್ತಿಯ ಹೆಣ್ಣುಮಗಳು ಬಹಳ ಹೊತ್ತು ಬರೆಯಲಿಲ್ಲ. ಆಮೇಲೆ ಅಂದಳು: "ನಮ್ಮವ್ವಗ ದಾಂಪತ್ಯಾನ ಇರಲಿಲ್ರಿ. ಮುತ್ತು ಕಟ್ಟಿದ್ರು. ಆಕೀಗೆ ಏನ್ ಹೇಳಬೇಕು, ಅದನ್ನ ಬರದಾರೇನ್ರಿ ಇದರಾಗ?" ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕಾಯ್ದೆ ಕರ್ನಾಟಕದಲ್ಲಿ 1982ರಲ್ಲಿ ಆಯಿತು. ಅದಕ್ಕೂ ಮೊದಲೇ ಕಟ್ಟಿದ ಮುತ್ತನ್ನು ಯಾವ ಪುಸ್ತಕ ಬಿಚ್ಚುತ್ತದೆ? ನಾವು ಗಂಡಸರು ಆರು ಮಂದಿ ತಲೆ ತಗ್ಗಿಸಿ ಕೂತೆವು. ಆ ಗೆರೆ ಖಾಲಿ ಉಳಿಯಿತು.

ಅರವಿಂದ ನಿರ್ಮಲ್ ಅವರು 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಶೂದ್ರ ದೇವಶಾಸ್ತ್ರದ ಮಾತೆತ್ತಿದ್ದರು. ದಲಿತ ದೇವಶಾಸ್ತ್ರ ಬೆಳೆದದ್ದು ಅಲ್ಲಿಂದ. ನಮಗೆ ಅದು ಗೊತ್ತಾದದ್ದು ಎಷ್ಟೋ ತಡವಾಗಿ. ಗೊತ್ತಾದಾಗ, ಸವದತ್ತಿಯವಳು ಕೇಳಿದ್ದೂ ಇದನ್ನೇ ಅಲ್ಲವೇ ಅನ್ನಿಸಿತು.

ಓದು ಮುಗಿಯಿತು. ಆಮೇಲಿನದೇ ನಿಜವಾದ ಪರೀಕ್ಷೆ. ರಾಮದುರ್ಗದವನಿಗೆ ದೀಕ್ಷೆ ಕೊಡುವ ಮಾತು ಬಂತು. ದೀಕ್ಷೆ ಪಡೆದರೆ ಕಾಗದದಲ್ಲಿ ಕ್ರೈಸ್ತ ಎಂದು ಬರೆಸಬೇಕು. ಗೆಳೆಯರೇ, 1950ರ ರಾಷ್ಟ್ರಪತಿ ಆದೇಶ ನಿಮಗೆ ತಿಳಿದೇ ಇದೆ: ಹಿಂದೂ ಅಲ್ಲದವನು ಪರಿಶಿಷ್ಟ ಜಾತಿಯವನಲ್ಲ. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಬಾಗಿಲು ತೆರೆಯಿತು. ಕ್ರೈಸ್ತ, ಮುಸ್ಲಿಂ ದಲಿತರಿಗೆ ಇನ್ನೂ ಇಲ್ಲ. ಈ ಧರ್ಮದ ಷರತ್ತನ್ನೇ ತೆಗೆಯಿರಿ ಎಂದು ರಂಗನಾಥ ಮಿಶ್ರಾ ಆಯೋಗ 2007ರಲ್ಲಿ ವರದಿ ಕೊಟ್ಟರೂ ಆದೇಶ ಕದಲಲಿಲ್ಲ. ಕರ್ನಾಟಕದಲ್ಲಿ ಅಂಥವರನ್ನು ಪ್ರವರ್ಗ 1ಕ್ಕೆ ಹಾಕುತ್ತಾರೆ. 1989ರ ದೌರ್ಜನ್ಯ ತಡೆ ಕಾಯ್ದೆಯ ಆಸರೆಯೂ ತಪ್ಪುತ್ತದೆ. ದೇವರು ಬದಲಾದರೆ ಚಾದಂಗಡಿಯ ಲೋಟ ಬದಲಾಗುತ್ತದೆಯೇ? ಊರಿಗೆ ಅವನು ಕೇರಿಯವನೇ, ಸರಕಾರಕ್ಕೆ ಮಾತ್ರ ಅಲ್ಲ.

ಅವನ ಮಗಳು ಪರಿಶಿಷ್ಟ ಜಾತಿ ಹಾಸ್ಟೆಲ್ಲಿನಲ್ಲಿದ್ದಳು. ಒಂದು ವಾರ ನಿದ್ದೆ ಮಾಡಲಿಲ್ಲವಂತೆ. ಕೊನೆಗೆ ಬಂದು, "ನಾ ವಲ್ಲೆಪಾ, ಹುಡುಗಿ ಓದ್ಲಿ" ಅಂದ. ನಮ್ಮಲ್ಲೇ ಇಬ್ಬರು ಅವನಿಗೆ ನಂಬಿಕೆ ಸಾಲದು ಎಂದರು. ಅವರ ಮೇಲೆ ನಮಗೆ ಈಗಲೂ ಸಿಟ್ಟಿದೆ. ಅವರಿಗೆ ಓದುವ ಮಕ್ಕಳಿರಲಿಲ್ಲ.

ಇವತ್ತಿಗೂ ಆತ ದೀಕ್ಷೆಯಿಲ್ಲದ ಉಪದೇಶಿ. ಸತ್ತವರಿಗೆ ಕುಣಿ ತೋಡುವವನು ಅವನೇ, ಪ್ರಾರ್ಥನೆ ಮಾಡುವವನೂ ಅವನೇ. ಪ್ರಭುಭೋಜನದ ರೊಟ್ಟಿ ಮುರಿಯಲು ಮಾತ್ರ ಪಟ್ಟಣದಿಂದ ದೀಕ್ಷೆಯಾದವರು ಬರಬೇಕು. ಅವರು ಬರುವತನಕ ಕೇರಿ ಕಾಯುತ್ತದೆ.

ಶನಿವಾರದ ವರ್ಗಕ್ಕೆ ಈಗ ಹೊಸಬರು ನಾಲ್ವರು ಬರುತ್ತಾರೆ. ಮುಂದಿನ ಪಾಠ ರೂತಳ ಕತೆ, ಬೇರೆಯವರ ಹೊಲದಲ್ಲಿ ಹಕ್ಕಲು ಆಯ್ದವಳದು. ಸವದತ್ತಿಯವಳು ಆಗಲೇ ಹೇಳಿಬಿಟ್ಟಿದ್ದಾಳೆ: "ಇದನ್ನ ನಾನ ಕಲಸ್ತೀನಿ. ನೀವು ಸುಮ್ನ ಕುಂದರ್ರಿ."