ಬಾನೆಟ್ಟಿನೊಳಗಿನ ಗುಲಾಬಿ ಮಜ್ಜಿಗೆ

ಮಳೆ ಹಿಡಿದ ಸಂಜೆ, ಬಚ್ಚಲೊಲೆ ಮುಂದೆ ಹಲಸಿನ ಬೀಜ ಸುಡುತ್ತ ಕೂತಿದ್ದೆವು. ಅಕ್ಕನ ಮಗ ಕೇಳಿದ: "ಮಾವ, ನಾನೂ ಆಟೋಮ್ಯಾಟಿಕ್ ಗಾಡಿ ತಗೊಳ್ತಿದ್ದೀನಿ. ಅಪ್ಪನ ಹಳೇ ಜೀಪಿಗೆ ಘಾಟಿಯಲ್ಲಿ ಏನಾಗಿತ್ತು, ಸರಿಯಾಗಿ ಹೇಳು." ಆಗ ಅವನಿಗೆ ಎಂಟು ವರ್ಷ. ನನಗಂತೂ ಇನ್ನೂ ನಿನ್ನೆ ಮೊನ್ನೆ ನಡೆದ ಹಾಗಿದೆ.

2014ರ ಜುಲೈ. ಮಂಗಳೂರಿನಲ್ಲಿ ಅಪ್ಪಯ್ಯನ ಕಣ್ಣಿನ ಪೊರೆ ತೆಗೆಸಿ ಊರಿಗೆ ಕರೆತರುತ್ತಿದ್ದೆ. ಭಾವನ ಜೀಪು, ಅವರೂ ಇನ್ನೊಬ್ಬರಿಂದ ಕೊಂಡದ್ದು. ಉಜಿರೆ ದಾಟಿ ಚಾರ್ಮಾಡಿ ಘಾಟಿ ಹತ್ತತೊಡಗಿದಾಗ ಗಾಡಿ ಮೈ ನಡುಗಿಸಿತು. ರಸ್ತೆಗೆ ಅಡ್ಡ ಬಳಿದ ಉಬ್ಬುಗೆರೆಗಳ ಮೇಲೆ ಹೋದರೆ ಗಡಗಡ ಅನ್ನುತ್ತದಲ್ಲ, ಹಾಗೆ. ಮಳೆಗೆ ರಸ್ತೆ ಕಿತ್ತುಹೋಗಿದೆ ಅಂದುಕೊಂಡೆ.

ಅಣ್ಣಪ್ಪ ಸ್ವಾಮಿ ಗುಡಿ ಹತ್ತಿರ ಕೈ ಮುಗಿಯಲು ನಿಲ್ಲಿಸಿದೆವು. ಕಾವಿನ ಮುಳ್ಳು ಸ್ವಲ್ಪ ಮೇಲೇರಿತ್ತು. ಬಾನೆಟ್ ಎತ್ತಿದರೆ ಕೂಲೆಂಟ್ ಬಾಟಲಿಯಲ್ಲಿ ಹಸಿರು ನೀರಿನ ಬದಲು ಗುಲಾಬಿ ಬಣ್ಣದ ಗಟ್ಟಿ ನೊರೆ. ಬೀಟ್ರೂಟ್ ಮೊಸರು ಗೊಜ್ಜೇ ಸರಿ. ಬೆರಳಿಟ್ಟರೆ ಜಾರುತ್ತಿತ್ತು. ಈಚೆಗೆ ಗುಲಾಬಿ ಕೂಲೆಂಟೂ ಬರುತ್ತದಲ್ಲ, ಭಾವ ಅದನ್ನೇ ಹಾಕಿಸಿರಬೇಕು ಅಂತ ಕುಡಿಯುವ ನೀರಿನ ಬಾಟಲಿಯನ್ನು ಅದಕ್ಕೆ ಸುರಿದು ಮತ್ತೆ ಹೊರಟೆ. ಆಮೇಲೆ ಹತ್ತು ಹನ್ನೆರಡು ಕಿಲೋಮೀಟರ್ ಓಡಿಸಿದೆ. ನನ್ನನ್ನು ಇವತ್ತಿಗೂ ಕಾಡುವುದು ಆ ಹತ್ತು ಹನ್ನೆರಡು ಕಿಲೋಮೀಟರ್.

ಕೊಟ್ಟಿಗೆಹಾರ ಮುಟ್ಟುವಾಗ ಎಂಜಿನ್ ಕೂಗುತ್ತಿತ್ತು, ಚಕ್ರ ಎಳೆಯುತ್ತಿರಲಿಲ್ಲ. ಅಪ್ಪಯ್ಯನನ್ನು ನೀರುದೋಸೆ ಹೋಟೆಲಿನಲ್ಲಿ ಕೂರಿಸಿದೆ. ಕಪ್ಪು ಕನ್ನಡಕ ಹಾಕಿಕೊಂಡು, ದೋಸೆ ಮುಟ್ಟದೆ, ಗಾಡಿಯ ಕಡೆಗೇ ಮುಖ ಮಾಡಿ ಕೂತಿದ್ದರು. ಅಲ್ಲಿ ಸಿಕ್ಕ ಮೆಕ್ಯಾನಿಕ್ ನೋಡಿದವನೇ, "ಹೆಡ್ ಗ್ಯಾಸ್ಕೆಟ್ ಹೋಗಿದೆ, ಎಂಜಿನ್ ಬಿಚ್ಚಬೇಕು" ಅಂದ. ಹಗ್ಗ ಕಟ್ಟಿ ಎಳೆಯಲು ಒಂದು ಪಿಕಪ್ಪೂ ಸಿದ್ಧವಾಯಿತು. ಯಾಕೋ ಮನಸ್ಸು ಒಪ್ಪದೆ ಮೂಡಿಗೆರೆಯ ಸಾಹೇಬರಿಗೆ ಫೋನ್ ಮಾಡಿದೆ. ನಮ್ಮ ತೋಟದ ಗಾಡಿಗಳನ್ನೆಲ್ಲ ನೋಡುವವರು.

"ನೊರೆ ಕಾಫಿ ಬಣ್ಣವೋ, ಗುಲಾಬಿಯೋ?"

"ಗುಲಾಬಿ, ಸಾಹೇಬ್ರೇ."

"ಹಾಗಾದ್ರೆ ಇನ್ನು ಕೀ ತಿರುಗಿಸಬೇಡಿ. ಹಗ್ಗ ಕಟ್ಟಿ ಎಳೆಯೋದೂ ಬೇಡ, ಚಕ್ರ ತಿರುಗಿದ್ರೆ ಒಳಗಿನದೆಲ್ಲ ಹಾಳಾಗ್ತದೆ. ಲಾರಿ ಮೇಲೆ ಹಾಕ್ಕೊಂಡು ಬನ್ನಿ."

ಅವರ ಗ್ಯಾರೇಜಿನಲ್ಲಿ ಮೊದಲು ಎಂಜಿನ್ನಿನ ಡಿಪ್‌ಸ್ಟಿಕ್ ಎಳೆದು ಬಿಳಿ ಬಟ್ಟೆಗೆ ಒರೆಸಿದರು. ಎಣ್ಣೆ ಚೊಕ್ಕಟವಾಗಿತ್ತು. ಆಮೇಲೆ ಗೇರ್ ಎಣ್ಣೆಯ ಕಡ್ಡಿ ಎಳೆದರು. ಕೆಂಪಗಿರಬೇಕಾದದ್ದು ಅದೇ ಗುಲಾಬಿ ನೊರೆ. ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ ಬಹಳ ಕಾಯುತ್ತದೆ. ಅದನ್ನು ತಣಿಸಲು ಇಂಥ ಗಾಡಿಗಳಲ್ಲಿ ರೇಡಿಯೇಟರಿನ ತೊಟ್ಟಿಯೊಳಗೇ ಒಂದು ಸಣ್ಣ ಕೊಳವೆ ಇಟ್ಟಿರುತ್ತಾರೆ. ಕೊಳವೆಯೊಳಗೆ ಎಣ್ಣೆ, ಹೊರಗೆ ಕೂಲೆಂಟ್, ನಡುವೆ ತೆಳು ಲೋಹದ ಗೋಡೆ. ಆ ಗೋಡೆ ಬಿರುಕು ಬಿಟ್ಟಿತ್ತು. ಎಣ್ಣೆ ಮತ್ತು ನೀರು ತಾವಾಗಿ ಬೆರೆಯುವುದಿಲ್ಲ ನಿಜ. ಆದರೆ ಒಳಗಿನ ಪಂಪು ಕಡೆಗೋಲಿನ ಹಾಗೆ ಕಡೆಯುತ್ತಲೇ ಇರುತ್ತದಲ್ಲ.

ಸಾಹೇಬರು ಹೇಳಿದ ಇನ್ನೊಂದು ಮಾತು ನನ್ನ ಎದೆಗೆ ನಾಟಿತು. ಎಂಜಿನ್ ಓಡುವಾಗ ಸಾಮಾನ್ಯವಾಗಿ ಎಣ್ಣೆಯ ಒತ್ತಡ ಹೆಚ್ಚು, ಎಣ್ಣೆ ನೀರಿಗೆ ನುಗ್ಗುತ್ತದೆ. ನಿಲ್ಲಿಸಿದರೆ ಎಣ್ಣೆಯ ಒತ್ತಡ ಬಿದ್ದುಹೋಗುತ್ತದೆ, ಕುದಿದ ನೀರಿನದು ಮಾತ್ರ ಹಾಗೇ ಇರುತ್ತದೆ. ಆಗ ನೀರು ಗೇರ್‌ಬಾಕ್ಸಿಗೆ ನುಗ್ಗುತ್ತದೆ. ಅಂದರೆ ನಾನು ಗುಡಿ ಮುಂದೆ ಕಾವು ಇಳಿಯಲಿ ಅಂತ ಕಾದ ಹೊತ್ತಿನಲ್ಲೂ ಅದು ಕೆಡುತ್ತಲೇ ಇತ್ತು.

ಹೊಸ ರೇಡಿಯೇಟರ್ ಬಂತು. ಎಣ್ಣೆ ತಣಿಸಲು ಮುಂಭಾಗದಲ್ಲಿ ಬೇರೆಯೇ ಕೂಲರ್ ಕೂರಿಸಿ, ಎಣ್ಣೆ ಮತ್ತೆ ರೇಡಿಯೇಟರಿನ ಕಡೆ ಸುಳಿಯದ ಹಾಗೆ ಮಾಡಿದರು. ಎಣ್ಣೆ ಕುಡಿದು ಉಬ್ಬಿದ ರಬ್ಬರ್ ಹೋಸುಗಳನ್ನೆಲ್ಲ ಬದಲಿಸಿದರು. ಗೇರ್ ಎಣ್ಣೆ ಒಂದು ಸಲ ಇಳಿಸಿದರೆ ಅರ್ಧವೂ ಬರುವುದಿಲ್ಲ, ಉಳಿದದ್ದು ಟಾರ್ಕ್ ಕನ್ವರ್ಟರಿನಲ್ಲೇ ಕೂತಿರುತ್ತದೆ. ಇಳಿಸಿ, ತುಂಬಿ, ಮತ್ತೆ ಇಳಿಸಿ, ನಾಲ್ಕನೇ ಸಲಕ್ಕೆ ಕೆಂಪು ಕಂಡಿತು. ಆದರೂ ನಡುಕ ನಿಲ್ಲಲಿಲ್ಲ.

ಕೊನೆಗೆ ಗೇರ್‌ಬಾಕ್ಸ್ ಬಿಚ್ಚಿದರು. ಸಾಹೇಬರು ಒಂದು ಕ್ಲಚ್ ಪ್ಲೇಟನ್ನು ನನ್ನ ಅಂಗೈಗಿಟ್ಟು, "ಉಗುರಲ್ಲಿ ಗೀರಿ ನೋಡಿ" ಅಂದರು. ಉಕ್ಕಿನ ಬಳೆ, ಅದರ ಮೇಲೆ ರಟ್ಟಿನಂಥ ಪದರ. ಗೀರಿದರೆ ಮಳೆಯಲ್ಲಿ ನೆನೆದ ಲಗ್ನಪತ್ರಿಕೆಯ ಹಾಗೆ ಸುಲಿದು ಬಂತು. ನೀರಿಗೆ ಅಂಟು ಬಿಟ್ಟುಕೊಂಡಿತ್ತು. ಗುಡಿ ಮುಂದೆಯೇ ಲಾರಿ ಕರೆಸಿದ್ದರೆ ಇದು ಉಳಿಯುತ್ತಿತ್ತೇ ಅಂತ ಕೇಳಿದೆ. ಸಾಹೇಬರು ಪ್ಲೇಟನ್ನು ವಾಪಸ್ ತೆಗೆದುಕೊಂಡರು, ಉತ್ತರ ಹೇಳಲಿಲ್ಲ.

ಹಳೇ ರೇಡಿಯೇಟರಿನ ತೊಟ್ಟಿಯೊಳಗೆ ಕೆಂಪು ತುಕ್ಕು ಹೆಪ್ಪುಗಟ್ಟಿತ್ತು. ಯಾರೋ ವರ್ಷಗಟ್ಟಲೆ ಕೂಲೆಂಟಿನ ಬದಲು ಬರೀ ಬೋರ್‌ವೆಲ್ ನೀರು ಹಾಕಿದ್ದಾರೆ ಅಂದರು ಸಾಹೇಬರು. ಖರ್ಚನ್ನು ನಾನು ಕೊಡುತ್ತೇನೆಂದರೂ ಭಾವ ಕೇಳಲಿಲ್ಲ. "ಮಾವನವರು ಕ್ಷೇಮವಾಗಿ ಮನೆ ಸೇರಿದ್ರಲ್ಲ, ಸಾಕು" ಅಂದರು. ಆ ಋಣ ನನ್ನ ಮೇಲೆ ಇವತ್ತಿಗೂ ಇದೆ.

ಮತ್ತೆ ಕಣ್ಣು ತೋರಿಸಲು ಮಂಗಳೂರಿಗೆ ಹೊರಟಾಗ ಅದೇ ಜೀಪು. ಗುಡಿ ಹತ್ತಿರ ಅಪ್ಪಯ್ಯ ನಿಲ್ಲಿಸು ಅಂದರು. ಕೈ ಮುಗಿದವರೇ ಬಾನೆಟ್ ಎತ್ತಿಸಿದರು. ಟಾರ್ಚ್ ಹಾಕಿ, ಹೊಸ ಕಣ್ಣನ್ನು ಬಾಟಲಿಯ ಹತ್ತಿರಕ್ಕೇ ತಂದು, ಬಹಳ ಹೊತ್ತು ನೋಡಿದರು.

"ಹಸಿರಿದೆ ಕಣೋ. ಹೊರಡು."