ಬೆಟ್ಟದ ಮೇಲೆ ಕೇಳೋದಾದ್ರೆ...

ಗುಂಡ್ಲುಪೇಟೆಯವಳು ಅಂತ ಗೊತ್ತಾದ್ರೆ ಸಾಕು, ಬೆಂಗಳೂರಿನವರಿಗೆ ನಾನು ಪ್ರವಾಸೋದ್ಯಮ ಇಲಾಖೆ. ಬಂಡೀಪುರದಲ್ಲಿ ಹುಲಿ ಕಾಣುತ್ತಾ, ಸೂರ್ಯಕಾಂತಿ ಅರಳಿದೆಯಾ, ಗೋಪಾಲಸ್ವಾಮಿ ಬೆಟ್ಟಕ್ಕೆ ಎಷ್ಟು ಗಂಟೆಗೆ ಹೊರಡಬೇಕು... ಇಷ್ಟು ವರ್ಷ ಇವೇ ಪ್ರಶ್ನೆಗಳು. ಹುಲಿ ಬಗ್ಗೆ ನಾನೇನು ಹೇಳ್ಲಿ? ಹುಟ್ಟಿ ಬೆಳೆದಿದ್ದೆಲ್ಲ ಇಲ್ಲೇ, ಆದ್ರೆ ನಾನು ಹುಲಿ ನೋಡಿರೋದು ಮೈಸೂರು ಝೂನಲ್ಲಿ :-)

ಈಗ ಎರಡು ಮೂರು ವರ್ಷದಿಂದ ಹೊಸ ಪ್ರಶ್ನೆಯೊಂದು ಸೇರ್ಕೊಂಡಿದೆ. "ಯಾರೂ ಬರದೇ ಇರೋ ಒಂದು ಬೆಟ್ಟ ಹೇಳಿ. ಸ್ವಲ್ಪ ನಡೆದು ಹತ್ತೋ ಹಾಗಿರ್ಬೇಕು, ಮಂಜಿರ್ಬೇಕು, ಜನ ಇರ್ಬಾರ್ದು." ಯಾಕಪ್ಪಾ ಅಂದ್ರೆ, ಪ್ರಪೋಸ್ ಮಾಡೋಕಂತೆ! ಮೊದಮೊದಲು ನಗು ಬರ್ತಿತ್ತು. ಈ ಸಲ ಕೇಳಿದವನು ನನ್ನ ತಮ್ಮನ ಗೆಳೆಯ, ನಮ್ಮನೇಲಿ ಚಿತ್ರಾನ್ನ ತಿಂದು ಬೆಳೆದ ಹುಡುಗ. ಉಂಗುರ ತಗೊಂಡಾಗಿದೆ. ಹುಡುಗಿ ಅವನ ಆಫೀಸಿನವಳೇ, ಜಾತಿ ಬೇರೆ, ಎರಡೂ ಮನೇಲಿ ಇನ್ನೂ ಹೇಳಿಲ್ಲ. ಅದಕ್ಕೇ ಸುಮ್ನೆ ನಗೋಕಾಗ್ಲಿಲ್ಲ, ಕೂತು ಯೋಚನೆ ಮಾಡಿದೆ.

ಮೊದಲನೇ ವಿಷಯ, ಜನ ಬರದ ಬೆಟ್ಟ ನಮ್ಮ ಜಿಲ್ಲೇಲಿ ಇಲ್ಲ ಕಣ್ರೀ. ಚಾಮರಾಜನಗರ ಜಿಲ್ಲೆಯ ಯಾವ ಬೆಟ್ಟದ ತುದಿಗೆ ಹೋದ್ರೂ ಅಲ್ಲೊಬ್ಬ ದೇವರು ನಿಮಗಿಂತ ಮುಂಚೆ ಬಂದು ಕೂತಿರ್ತಾನೆ. ಗೋಪಾಲಸ್ವಾಮಿ, ಬಿಳಿಗಿರಿರಂಗ, ಮಾದಪ್ಪ, ಹುಲುಗನ ಮುರಡಿಯ ವೆಂಕಟರಮಣ, ನಗರದ ಪಕ್ಕದಲ್ಲೇ ಕರಿವರದರಾಜ. ದೇವರಿದ್ದ ಮೇಲೆ ಪೂಜಾರಿ, ಪೂಜಾರಿ ಇದ್ದ ಮೇಲೆ ಹಣ್ಣುಕಾಯಿ ಮಾರೋ ಅಜ್ಜಿ. ಆ ಅಜ್ಜಿ ಕಣ್ಣು ತಪ್ಪಿಸಿ ಯಾವ ಪ್ರೇಮಿಯೂ ಬೆಟ್ಟ ಹತ್ತಿದ್ದು ನಾನು ಕಾಣೆ.

ದೇವರೂ ಜನರೂ ಇಲ್ಲದ ಕಡೆ ಆನೆ ಇರುತ್ತೆ. ಇದನ್ನ ತಮಾಷೆಗೆ ಹೇಳ್ತಿಲ್ಲ. 2025ರ ಆಗಸ್ಟಿನಲ್ಲಿ ಬಂಡೀಪುರದ ರಸ್ತೇಲಿ ಗಾಡಿ ಇಳಿದು ಸೆಲ್ಫಿ ತಗೊಳ್ಳೋಕೆ ಹೋದ ಒಬ್ಬರನ್ನ ಆನೆ ಅಟ್ಟಿಸಿಕೊಂಡು ಬಂದು ಕೆಡವಿದ್ದನ್ನ ನೀವೂ ವಿಡಿಯೋದಲ್ಲಿ ನೋಡಿರ್ತೀರಿ. ಜೀವ ಉಳಿದದ್ದು ಪುಣ್ಯ. ಆಮೇಲೆ ಇಲಾಖೆಯವರು ಇಪ್ಪತ್ತೈದು ಸಾವಿರ ದಂಡ ಹಾಕಿದ್ರು. ಹುಲಿ ಕಾಡಿನೊಳಗೆ ನಮ್ಮಿಷ್ಟಕ್ಕೆ ನಡೆಯೋದಿರ್ಲಿ, ಗಾಡಿಯಿಂದ ಇಳಿಯೋದೇ ತಪ್ಪು. 2009ರಿಂದ ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರ ತನಕ ಸಂಚಾರವೂ ಬಂದ್. ನಕ್ಷತ್ರದ ಕೆಳಗೆ ಮಂಡಿಯೂರಿ ಕೇಳೋ ಕನಸಿದ್ರೆ ಅದನ್ನ ಬೆಂಗಳೂರಿನ ಟೆರೇಸಿನ ಮೇಲೇ ಮುಗಿಸಿಕೊಂಡು ಬನ್ನಿ.

ಎಲ್ಲರೂ ಮೊದಲು ಹೆಸರು ಹೇಳೋದು ಹಿಮವದ್ ಗೋಪಾಲಸ್ವಾಮಿ ಬೆಟ್ಟವನ್ನ. 1454 ಮೀಟರ್ ಎತ್ತರ, ಬೇಸಿಗೇಲೂ ಬೆಳಿಗ್ಗೆ ಹೊತ್ತು ಚಳಿ. ಗುಂಡ್ಲುಪೇಟೆಯಿಂದ ಊಟಿ ರಸ್ತೇಲಿ ಹಂಗಳದವರೆಗೆ ಹೋಗಿ ಬಲಕ್ಕೆ ತಿರುಗಬೇಕು. ಈಗ ಬೆಟ್ಟದ ಬುಡದಲ್ಲೇ ಗಾಡಿ ನಿಲ್ಲಿಸಿ ಸಾರಿಗೆ ಬಸ್ಸಿನಲ್ಲಿ ಹತ್ತಬೇಕು, ಕತ್ತಲಾಗೋ ಮುಂಚೆ ಎಲ್ಲರೂ ಇಳಿದಿರಬೇಕು. ಮಕ್ಕಳಾಗಲಿ ಅಂತ ಹರಕೆ ಹೊತ್ತು ಬರೋ ದಂಪತಿಗಳೇ ಅಲ್ಲಿ ಜಾಸ್ತಿ, ಸಂತಾನ ಗೋಪಾಲ ಅಲ್ವೇ. ಇನ್ನೂ ಹೂಂ ಅನ್ನದ ಹುಡುಗಿಯನ್ನ ಅಲ್ಲಿಗೆ ಕರ್ಕೊಂಡು ಹೋಗೋದು ಸ್ವಲ್ಪ ಅವಸರದ ಕೆಲಸವೇ ಆಯ್ತು ಅನ್ನಿ :-)

ಆ ಬೆಟ್ಟದ ಮೇಲೆ ನನ್ನನ್ನೂ ಒಬ್ಬರು ಕೇಳಿದ್ರು. ಇದನ್ನ ಇಲ್ಲಿತನಕ ಎಲ್ಲೂ ಬರೆದಿಲ್ಲ.

1998. ಮೈಸೂರಲ್ಲಿ ಬಿ.ಎಡ್ ಓದ್ತಿದ್ದೆ. ಆಗೆಲ್ಲ ಸ್ವಂತ ಗಾಡೀಲಿ ಮೇಲ್ಗಂಟ ಹೋಗಬಹುದಿತ್ತು. ನಾವು ಏಳೆಂಟು ಜನ ಗೆಳೆಯರು ಹೋಗೋದು ಅಂತ ಮಾತಾಗಿತ್ತು, ಹೊರಡೋ ದಿನ ನೋಡಿದ್ರೆ ಉಳಿದಿದ್ದು ಇಬ್ಬರೇ, ನಾನು ಮತ್ತೆ ಅವರು. ಒಳ್ಳೆಯವರು, ಅದರಲ್ಲಿ ಎರಡು ಮಾತಿಲ್ಲ. ಅವರ ಸುಜುಕಿ ಬೈಕು. ಗುಡಿಯ ಹಿಂದೆ ಹುಲ್ಲಿನ ಇಳಿಜಾರು, ಎದುರಿಗೆ ಏನೇನೂ ಕಾಣದ ಹಾಗೆ ಮಂಜು. ಅಲ್ಲಿ ಕೇಳಿದ್ರು. ಮಾತನ್ನ ಚೆನ್ನಾಗಿಯೇ ಜೋಡಿಸಿಕೊಂಡು ಬಂದಿದ್ರು, ಪಾಪ. ನನಗೆ ಮನಸ್ಸಿರಲಿಲ್ಲ. ಇಲ್ಲ ಅನ್ನೋದು ಬಾಯಿಗೆ ಬಂತು. ಬಂದ ತಕ್ಷಣ ತಲೇಲಿ ಓಡಿದ್ದು ಏನು ಗೊತ್ತಾ? ಇಲ್ಲಿಂದ ಇಳಿಯೋದು ಹೇಗೆ. ಕೆಳಗೆ ಕಾಡಿನ ರಸ್ತೆ, ಆಮೇಲೆ ಗೋಪಾಲಪುರದ ಹೊಲ, ಆಮೇಲೆ ಹಂಗಳ. ಅಲ್ಲಿ ತನಕ ಬೇರೆ ಬಸ್ಸಿಲ್ಲ. ನಡೆದು ಹೋಗೋಣ ಅಂದ್ರೆ ಆನೆ. ಇವರ ಬೆನ್ನಿಗೇ ಕೂತು ಇಳೀಬೇಕು.

"ಯೋಚನೆ ಮಾಡಿ ಹೇಳ್ತೀನಿ" ಅಂದೆ.

ಯೋಚನೆ ಮಾಡೋದು ಏನೂ ಇರಲಿಲ್ಲ. ಆ ತಿರುವುಗಳಲ್ಲಿ ಹಿಂದಿನ ಕಂಬಿ ಹಿಡ್ಕೊಂಡು ಕೂತಿದ್ದು, ಒಂದು ಕಡೆ ಬೈಕು ನಿಧಾನ ಆದಾಗ ಎದೆ ಹೊಡ್ಕೊಂಡಿದ್ದು (ರಸ್ತೇಲಿ ಆನೆ ಲದ್ದಿ ಇತ್ತು ಅಷ್ಟೇ) ಇವತ್ತಿಗೂ ನೆನಪಿದೆ. ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಲ್ಲಿ ಇಳಿದು, ಸುತ್ತ ಜನ, ಕಡ್ಲೆಕಾಯಿ ಮಾರೋರು, ನಂಜನಗೂಡು ಮೈಸೂರು ಅಂತ ಕೂಗೋ ಕಂಡಕ್ಟರು ಎಲ್ಲ ಕಂಡ ಮೇಲೆ "ಇಲ್ಲ, ನನಗೆ ಆ ಥರ ಮನಸ್ಸಿಲ್ಲ" ಅಂತ ಹೇಳಿದೆ. ಅವರು ತಲೆ ಆಡಿಸಿ ಹೋದ್ರು. ಅವರಿಂದ ನನಗೆ ಯಾವ ತೊಂದರೇನೂ ಆಗಲಿಲ್ಲ. ಬೆಟ್ಟದ ಮೇಲೇ ಹೇಳಿದ್ರೂ ಬಹುಶಃ ಆಗ್ತಿರ್ಲಿಲ್ಲ. ಆದ್ರೆ ಆ 'ಬಹುಶಃ'ದ ಮೇಲೆ ಕೂತು ಅಷ್ಟು ದೂರ ಇಳಿಯೋದು ಹೇಗಿರುತ್ತೆ ಅಂತ ಕೇಳೋ ಗಂಡಸರಿಗೆ ಹೊಳೆಯೋದೇ ಇಲ್ಲ.

ನಮ್ಮ ಹುಡುಗನಿಗೆ ಫೋನಲ್ಲಿ ಇದನ್ನೇ ಹೇಳಿದ್ದು. ನಿನಗೆ ಬೇಕಾಗಿರೋ ಏಕಾಂತ ಅವಳಿಗೆ ಹೇಗೆ ಕಾಣುತ್ತೆ ಅಂತ ನೋಡು. ಅವಳು ಇಲ್ಲ ಅಂದ್ರೆ ತನ್ನ ಪಾಡಿಗೆ ತಾನು ಬಸ್ ಹತ್ತಿ ಮನೆಗೆ ಹೋಗೋ ಹಾಗಿರ್ಬೇಕು. "ಅಕ್ಕಾ, ಅವಳು ಇಲ್ಲ ಅನ್ನಲ್ಲ" ಅಂದ. ಹಾಗಾದ್ರೆ ಬೆಟ್ಟ ಯಾಕೋ, ಆಫೀಸಿನ ಕ್ಯಾಂಟೀನಲ್ಲೇ ಕೇಳು ಅಂದೆ. ಸ್ವಲ್ಪ ಹೊತ್ತು ಮಾತಾಡ್ಲಿಲ್ಲ.

ಅವನಿಗೆ ನಾನು ಹೇಳಿದ್ದು ಬಿಳಿಗಿರಿರಂಗನ ಬೆಟ್ಟ. ಯಾಕೆ ಅಂದ್ರೆ ಅದು ಹೆಣ್ಣು ಕೇಳೋ ವಿಷಯದಲ್ಲಿ ಅನುಭವ ಇರೋ ಬೆಟ್ಟ! ರಂಗಪ್ಪ ಸೋಲಿಗರ ಹುಡುಗಿ ಕುಸುಮಾಲೆಯನ್ನ ಮೆಚ್ಚಿ ಮದುವೆಯಾದವನು. ಅದಕ್ಕೇ ಸೋಲಿಗರು ಅವನನ್ನ ದೇವರು ಅನ್ನೋದಕ್ಕಿಂತ ಹೆಚ್ಚಾಗಿ 'ಭಾವ' ಅಂತಾರೆ. ಆ ಕಥೇನ ಹಾಡುಗಳಲ್ಲಿ ಒಬ್ಬೊಬ್ಬರು ಒಂದೊಂದು ಥರ ಹಾಡ್ತಾರೆ. ಭಾವ ಕಾಡೆಲ್ಲ ಅಲೆದು ಸವೆಸ್ತಾನೆ ಅಂತ ಭಕ್ತರು ಮಾಡಿಸಿಕೊಡೋ ದೊಡ್ಡ ದೊಡ್ಡ ಚರ್ಮದ ಚಪ್ಪಲಿಗಳು ಗುಡೀಲಿ ಇರ್ತವೆ. ಅವನ್ನ ತಲೆ ಮೇಲೆ ಇಟ್ಟು ಆಶೀರ್ವಾದ ಮಾಡ್ತಾರೆ.

ನನ್ನ ಜೊತೆ ಕೆಲಸ ಮಾಡಿದ ಸೋಲಿಗರ ಟೀಚರ್ ಒಬ್ಬರು ಅವರ ಕಡೆ ಮದುವೆ ವಿಷಯ ಹೇಳ್ತಿದ್ರು. ಹಿಂದೆಲ್ಲ ಮನಸ್ಸು ಕೂಡಿದ ಹುಡುಗ ಹುಡುಗಿ ಹೇಳದೆ ಕೇಳದೆ ಕಾಡಿಗೆ ಹೋಗಿಬಿಡೋರು. ಕೆಲವು ದಿನ ಅಲ್ಲೇ ಇದ್ದು ಪೋಡಿಗೆ ವಾಪಸ್ ಬರೋರು. ಕುಲದ ಯಜಮಾನರು ಸೇರಿ, ಬೈಯೋದು ಬೈದು, ಒಂದಿಷ್ಟು ತಪ್ಪುಕಾಣಿಕೆ ಹಾಕಿ, ಊಟ ಹಾಕಿಸಿ, ಗಂಡ ಹೆಂಡ್ತಿ ಅಂತ ಒಪ್ಪಿಕೊಳ್ಳೋರು. ಅಲ್ಲಿಗೆ ಮುಗೀತು. "ನಮ್ಮ ಭಾವನೇ ಹಂಗೆ ಮಾಡ್ಕಂಡಿರೋವಾಗ ನಾವು ಯಾರ್ಗೆ ಏನ್ ಹೇಳಕ್ಕಾಯ್ತದೆ?" ಅಂತ ನಗೋರು. ಓಡಿಹೋದವರಿಗೆ ವಾಪಸ್ ಬರೋಕೆ ದಾರಿ ಇಟ್ಟಿರೋ ಸಮಾಜ ಅದು. ನಮ್ಮ ಬಯಲಿನ ಊರುಗಳಲ್ಲಿ ಜಾತಿ ಬಿಟ್ಟು ಮದುವೆಯಾಗಿ ಹೋದವರು ಎಷ್ಟು ಜನ ಅಪ್ಪನ ಮನೆ ಹೊಸಿಲು ಮತ್ತೆ ತುಳಿದಿದ್ದಾರೆ? ನಮ್ಮ ಬೀದೀಲೇ ಒಬ್ಬಳಿದ್ದಳು. ಹದಿನಾಲ್ಕು ವರ್ಷ ಆಯ್ತು, ಅವರವ್ವ ಈಗಲೂ ಅವಳ ಹೆಸರೆತ್ತಿದ್ರೆ ಒಳಗೆ ಎದ್ದು ಹೋಗ್ತಾರೆ. ಕಾಡಿನ ಜನ ಹಿಂದುಳಿದವರು ಅಂತ ನಾವು ಮಕ್ಕಳಿಗೆ ಪಾಠ ಮಾಡ್ತೀವಿ!

ಹುಡುಗ ಇಂಟರ್ನೆಟ್ಟಲ್ಲಿ ನೋಡಿ ದೊಡ್ಡ ಸಂಪಿಗೆ ಮರದ ಹತ್ರ ಕೇಳ್ತೀನಿ ಅಂತ ಹಟ ಹಿಡಿದ. ಬೇಡ ಅಂದೆ. ನೂರಾರು ವರ್ಷದ ಆ ಮರ ಭಾರ್ಗವಿ ಹೊಳೆ ಪಕ್ಕ ಕಾಡಿನೊಳಗಿದೆ, ಇಲಾಖೆ ಒಪ್ಪಿಗೆ ಇಲ್ಲದೆ ಹೋಗೋ ಹಾಗಿಲ್ಲ. ಅದಕ್ಕಿಂತ ಹೆಚ್ಚಾಗಿ ಅದು ಸೋಲಿಗರ ದೇವರ ಜಾಗ. 2011ರಲ್ಲಿ ಈ ಕಾಡಿನ ಮೇಲೆ ಅವರ ಸಮುದಾಯದ ಹಕ್ಕು ಕಾಗದದ ಮೇಲೂ ಬಂತು, ಅದೂ ಅದು ಹುಲಿ ಮೀಸಲು ಅಂತ ಆದ ವರ್ಷವೇ. ಇನ್ನೊಬ್ಬರ ಗರ್ಭಗುಡಿಯಲ್ಲಿ ಹೋಗಿ ಉಂಗುರದ ಡಬ್ಬಿ ತೆಗೀತಾರಾ ಯಾರಾದ್ರೂ?

ಯಳಂದೂರಿಂದ ಬಸ್ಸಿದೆ, ಅದ್ರಲ್ಲಿ ಹೋಗು ಅಂದೆ. ಮೆಟ್ಟಿಲು ಹತ್ತಿದ್ರೆ ನೂರೈವತ್ತರ ಹತ್ರ ಇರಬಹುದು, ಅಷ್ಟೇ ಅವನ ಟ್ರೆಕ್ಕಿಂಗ್ :-) ಶನಿವಾರ ಭಾನುವಾರ ಬಿಟ್ಟು ಬೇರೆ ದಿನ ಹೋದ್ರೆ ಗುಡಿಯ ಹೊರಗೆ ಬಂಡೆ ಅಂಚಿನ ಕಟಾಂಜನದ ಹತ್ರ ಬೇಕಾದಷ್ಟು ಏಕಾಂತ ಸಿಗುತ್ತೆ. ಗಾಳಿ ಎಷ್ಟು ಜೋರು ಅಂದ್ರೆ ಪಕ್ಕದಲ್ಲಿ ನಿಂತವರಿಗೆ ನೀವಾಡಿದ ಮಾತು ಕೇಳೋದಿಲ್ಲ. ಕೂಗಿದ್ರೆ ಮಾತ್ರ ಹತ್ತು ಜನ ಬರ್ತಾರೆ.

ಹೋಗಿದ್ದ. ಕೇಳಿದ್ನಂತೆ. ಅವಳು ಉಂಗುರ ನೋಡಿ, ಡಬ್ಬಿ ಮುಚ್ಚಿ ಅವನ ಕೈಗೇ ಕೊಟ್ಟು, "ಮನೇಲಿ ಹೇಳೋಕೆ ಒಂದು ತಿಂಗಳು ಕೊಡು, ಆಮೇಲೆ ನಾನೇ ಕೇಳ್ತೀನಿ" ಅಂದ್ಲಂತೆ. ವಾಪಸ್ ಬರುವಾಗ ಬಸ್ಸಿನಲ್ಲಿ ಯಳಂದೂರು ಬರೋ ತನಕ ನಿದ್ದೆ ಮಾಡಿದ್ಲಂತೆ. ಅವನಿಗೆ ಅದೇ ಬೇಜಾರು. ನನಗೆ ಇಡೀ ಕಥೇಲಿ ತುಂಬಾ ಇಷ್ಟ ಆಗಿದ್ದು ಆ ನಿದ್ದೇನೇ. ತಿಂಗಳು ಇನ್ನೂ ಮುಗಿದಿಲ್ಲ.

ಅವಳು ಹೂಂ ಅಂದ್ರೆ ಆಷಾಢದಲ್ಲಿ ಇಬ್ಬರನ್ನೂ ಚಾಮರಾಜನಗರಕ್ಕೆ ಕರೀಬೇಕು ಅಂದ್ಕೊಂಡಿದ್ದೀನಿ. ಬೇರೆ ಕಡೆ ಆಷಾಢದಲ್ಲಿ ಹೊಸ ಹೆಣ್ಣನ್ನ ತವರಿಗೆ ಕಳಿಸಿ ಗಂಡ ಹೆಂಡ್ತೀನ ದೂರ ಇಡ್ತಾರೆ, ನಮ್ಮ ಚಾಮರಾಜೇಶ್ವರನ ತೇರು ಮಾತ್ರ ಅದೇ ತಿಂಗಳು. ಹೊಸ ಜೋಡಿಗಳೆಲ್ಲ ಬಂದು ತೇರಿಗೆ ಹಣ್ಣು ಜವನ ಎಸೀತಾರೆ. 2017ರಲ್ಲಿ ತೇರಿಗೆ ಬೆಂಕಿ ಬಿದ್ದು ಐದು ವರ್ಷ ನಿಂತುಹೋಗಿತ್ತು, 2022ರಲ್ಲಿ ಹೊಸ ತೇರು ಎಳೆದ ದಿನ ಕಾಲಿಡೋಕೆ ಜಾಗ ಇರಲಿಲ್ಲ. ಜಾತಿ ಕೇಳಿ ಯಾರೂ ಬಾಳೆಹಣ್ಣು ಕೊಡಲ್ಲ ಅಲ್ಲಿ.

ಇನ್ನು ನನ್ನ ಮದುವೆ ಹೇಗಾಯ್ತು ಅಂತ ನೀವು ಕೇಳೇ ಕೇಳ್ತೀರಿ. ಹೆಣ್ಣು ನೋಡೋಕೆ ಬಂದಿದ್ರು. ಉಪ್ಪಿಟ್ಟು ಕಾಫಿ ಆಯ್ತು. ಕೈ ತೊಳೀತೀನಿ ಅಂತ ಇವರು ಹಿತ್ತಲಿಗೆ ಬಂದ್ರು, ನಾನು ನೀರು ಕೊಡೋಕೆ ಹೋದೆ. ಒಗೆಯೋ ಕಲ್ಲಿನ ಪಕ್ಕ ನಿಂತು, ಒಳಗಿರೋರಿಗೆ ಕೇಳಿಸದ ಹಾಗೆ, "ನಿಮಗೆ ಇಷ್ಟ ಇಲ್ಲ ಅಂದ್ರೆ ಈಗಲೇ ಹೇಳ್ಬಿಡಿ, ನಾನೇ ಬೇಡ ಅಂದೆ ಅಂತ ನಮ್ಮನೇಲಿ ಹೇಳ್ತೀನಿ, ನಿಮಗೆ ಮಾತು ಬರೋದು ಬೇಡ" ಅಂದ್ರು. ಗೋಡೆ ಆಚೆ ನಮ್ಮವ್ವ ಸುಮ್ ಸುಮ್ನೆ ಕೆಮ್ತಾ ಇದ್ರು. ನಾನು ಚೊಂಬಲ್ಲಿದ್ದ ನೀರೆಲ್ಲ ಅವರ ಕೈಗೆ ಹಾಕಿ ಮುಗಿಸಿ, "ಟವೆಲ್ ಬೇಕಾ?" ಅಂತ ಕೇಳಿದೆ.

ಅದನ್ನೇ ಒಪ್ಪಿಗೆ ಅಂತ ತಿಳ್ಕೊಂಡ್ರಂತೆ. ಸರಿಯಾಗೇ ತಿಳ್ಕೊಂಡಿದ್ರು ಅನ್ನಿ. ನಿಮ್ಮದೆಲ್ಲ ಎಲ್ಲಿ, ಹೇಗೆ ಆಯ್ತು? ಬರೀರಿ, ಓದೋಕೆ ಕಾಯ್ತಿರ್ತೀನಿ.