ಬಿಡ್ತು ಅನ್ನು

"ಎಲ್ಲಾ ಮುಗೀತಲ್ಲ, ಇನ್ನೇನು!" ಅನ್ನೋ ಮಾತನ್ನ ಕಳೆದ ಮೂರು ವರ್ಷದಲ್ಲಿ ಎಷ್ಟು ಸಲ ಕೇಳಿದ್ದೀನೋ ಲೆಕ್ಕ ಇಟ್ಟಿಲ್ಲ. ಹೇಳುವವರ ಪ್ರೀತಿಯ ಬಗ್ಗೆ ನನಗೆ ಯಾವ ಅನುಮಾನವೂ ಇಲ್ಲ. ಕನ್ನಡ ಕೂಟದ ಯುಗಾದಿ ಊಟಕ್ಕೆ ಪಕ್ಕದಲ್ಲಿ ಕೂತವರು, ದೇವಸ್ಥಾನದ ಪಾರ್ಕಿಂಗ್ ಲಾಟಿನಲ್ಲಿ ಸಿಕ್ಕವರು, ಊರಿಂದ ಫೋನ್ ಮಾಡಿದ ಚಿಕ್ಕಮ್ಮ... ಎಲ್ಲರೂ ಹೇಳೋದು ಇದನ್ನೇ. ಸ್ತನ ಕ್ಯಾನ್ಸರ್ ಅಂತ ಗೊತ್ತಾಯ್ತು, ಸರ್ಜರಿ ಆಯ್ತು, ಕೀಮೋ ಆಯ್ತು, ರೇಡಿಯೇಶನ್ನೂ ಆಯ್ತು. ಉದುರಿದ ಕೂದಲು ವಾಪಸ್ ಬಂತು, ಅದೂ ಹಿಂದೆಂದೂ ಇಲ್ಲದ ಗುಂಗುರಿನ ಜೊತೆ :-) ಇನ್ನೇನು ಬಾಕಿ?

ಬಾಕಿ ಇರೋದು ಹೆದರಿಕೆ. ಅದರ ಬಗ್ಗೆ ಯಾರೂ ಮೊದಲೇ ಹೇಳಿರಲಿಲ್ಲ.

ಅಮೆರಿಕದ ಬಹಳಷ್ಟು ಆಸ್ಪತ್ರೆಗಳಲ್ಲಿ ಚಿಕಿತ್ಸೆಯ ಕೊನೆಯ ದಿನ ಒಂದು ಹಿತ್ತಾಳೆ ಗಂಟೆ ಬಾರಿಸುವ ಪದ್ಧತಿ ಇದೆ. 1996ರಲ್ಲಿ ಹ್ಯೂಸ್ಟನ್ನಿನ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಸೆಂಟರಿನಲ್ಲಿ ನೌಕಾಪಡೆಯ ಹಿರಿಯ ಅಧಿಕಾರಿಯೊಬ್ಬರು ತಮ್ಮ ರೇಡಿಯೇಶನ್ ಮುಗಿದ ದಿನ ಗಂಟೆ ಬಾರಿಸಿದರಂತೆ. ಅಲ್ಲಿಂದ ಶುರುವಾದದ್ದು ಇದು. ನಾನೂ 2022ರಲ್ಲಿ ಬಾರಿಸಿದೆ. ನರ್ಸುಗಳು ಚಪ್ಪಾಳೆ ತಟ್ಟಿದರು, ಇವರು ಫೋಟೋ ತೆಗೆದರು. ನಮ್ಮೂರಲ್ಲಿ ದೇವಸ್ಥಾನದ ಒಳಗೆ ಹೋಗುವಾಗ ಗಂಟೆ ಬಾರಿಸ್ತೀವಿ, ಇಲ್ಲಿ ಹೊರಗೆ ಬರುವಾಗ. ಒಳಗೆ ಇದ್ದಷ್ಟು ದಿನ ಯಾರೋ ಒಬ್ಬರು ನನ್ನನ್ನ ನೋಡಿಕೊಳ್ತಾ ಇದ್ದರು. ಇವತ್ತು ರಕ್ತ ಪರೀಕ್ಷೆ, ನಾಳೆ ಡ್ರಿಪ್, ನಾಡಿದ್ದು ಡಾಕ್ಟರು. ಕ್ಯಾಲೆಂಡರಿನ ಮನೆಗಳೆಲ್ಲ ತುಂಬಿದ್ದವು. ಹೊರಗೆ ಬಂದ ಮೇಲೆ ಮನೆಗಳೆಲ್ಲ ಖಾಲಿ. ಆ ಖಾಲಿ ಜಾಗಕ್ಕೆ ಬಂದು ಕೂತದ್ದು "ಮತ್ತೆ ಬಂದ್ರೆ?" ಅನ್ನೋ ಪ್ರಶ್ನೆ.

ಇದು ನನ್ನೊಬ್ಬಳ ಪುಕ್ಕಲುತನ ಅಂದುಕೊಂಡಿದ್ದೆ. ಫಿಟ್ಜ್‌ಹ್ಯೂ ಮುಲ್ಲನ್ ಅಂತ ಒಬ್ಬ ಡಾಕ್ಟರು ತಾವೇ ಕ್ಯಾನ್ಸರಿಗೆ ಒಳಗಾಗಿ, 1985ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ನಿನಲ್ಲಿ ಒಂದು ಲೇಖನ ಬರೆದಿದ್ದರು. ಬದುಕಿ ಉಳಿಯೋದಕ್ಕೂ ಋತುಗಳಿವೆ ಅನ್ನೋದು ಅವರ ಮಾತಿನ ತಿರುಳು. ಮೊದಲನೆಯದು ಚಿಕಿತ್ಸೆಯ ಕಾಲ. ಎರಡನೆಯದು ಚಿಕಿತ್ಸೆ ಮುಗಿದ ನಂತರದ ಉದ್ದನೆಯ ಕಾಲ, ಅದನ್ನ ಆಳುವುದೇ ಮರುಕಳಿಸುವ ಭಯ. ಓದಿದಾಗ ಎಷ್ಟು ಸಮಾಧಾನವಾಯ್ತು ಅಂತೀರಿ! ನನಗಾಗ್ತಿರೋದಕ್ಕೆ ಒಂದು ಹೆಸರಿತ್ತು, ಅದೂ ನಲವತ್ತು ವರ್ಷದ ಹಿಂದಿನಿಂದಲೇ.

ಈ ಭಯಕ್ಕೆ ಮೈಯೇ ಮೇವು ಹಾಕುತ್ತೆ. ನನ್ನದು ಈಸ್ಟ್ರೋಜನ್ ಹಾರ್ಮೋನನ್ನ ತಿಂದು ಬೆಳೆಯುವ ಜಾತಿಯ ಕ್ಯಾನ್ಸರ್. ಹಾಗಾಗಿ ದಿನಾ ರಾತ್ರಿ ಒಂದು ಮಿಲಿಗ್ರಾಂನ ಅನಾಸ್ಟ್ರೋಜೋಲ್ ಮಾತ್ರೆ ತಗೋಬೇಕು. ಮೈಯಲ್ಲಿ ಈಸ್ಟ್ರೋಜನ್ ತಯಾರಾಗದ ಹಾಗೆ ಅದು ತಡೆಯುತ್ತೆ. ಇದರ ಸಾಮಾನ್ಯವಾದ ಅಡ್ಡ ಪರಿಣಾಮ ಏನು ಗೊತ್ತಾ? ಕೀಲು ನೋವು. ಈ ಕ್ಯಾನ್ಸರ್ ಬೇರೆ ಕಡೆ ಹರಡಿದರೆ ಸಾಮಾನ್ಯವಾಗಿ ಹೋಗಿ ಸೇರೋದು ಎಲ್ಲಿಗೆ? ಮೂಳೆಗೆ! ಅಂದರೆ ಕಾಯಿಲೆ ಬರದಿರಲಿ ಅಂತ ನುಂಗುವ ಮಾತ್ರೆಯೇ, ಬಂತೇನೋ ಅನ್ನಿಸುವಂಥ ನೋವನ್ನೂ ಕೊಡುತ್ತೆ. ಬೆಳಿಗ್ಗೆ ಹಾಸಿಗೆಯಿಂದ ಎದ್ದು ಮೆಟ್ಟಿಲು ಇಳಿಯೋಷ್ಟರಲ್ಲಿ ಸೊಂಟ ಹಿಡಿದುಕೊಂಡರೆ, ಬೇರೆಯವರಿಗೆ ಅದು ನಿನ್ನೆ ಹಿಮ ಎತ್ತಿ ಹಾಕಿದ್ದರ ಫಲ. ನನಗೆ ಮಾತ್ರ ಕಾಫಿ ಡಿಕಾಕ್ಷನ್ ಇಳಿಯೋದರೊಳಗೆ ಮಗಳ ಮದುವೆ ನೋಡ್ತೀನೋ ಇಲ್ವೋ ಅನ್ನೋವರೆಗೂ ಹೋಗಿ ಮುಟ್ಟುತ್ತೆ ಯೋಚನೆ.

"ಒಂದು ಸಲ ಇಡೀ ಮೈ ಸ್ಕ್ಯಾನ್ ಮಾಡಿಬಿಡಿ, ನೆಮ್ಮದಿಯಾಗಿರ್ತೀನಿ" ಅಂತ ನನ್ನ ಡಾಕ್ಟರಮ್ಮನಿಗೆ ದುಂಬಾಲು ಬಿದ್ದಿದ್ದೆ. ಆಕೆ ಒಪ್ಪಲಿಲ್ಲ. ದುಡ್ಡಿನ ಮಾತಲ್ಲ ಅದು. ಇಟಲಿಯಲ್ಲಿ ನಡೆದ ಎರಡು ದೊಡ್ಡ ಅಧ್ಯಯನಗಳು 1994ರಲ್ಲೇ ಪ್ರಕಟವಾಗಿವೆಯಂತೆ. ಆಗಾಗ ಮೂಳೆ ಸ್ಕ್ಯಾನು, ಎಕ್ಸ್‌ರೇ ಮಾಡಿಸಿಕೊಂಡವರು, ಬರೀ ಡಾಕ್ಟರ ತಪಾಸಣೆ ಮತ್ತು ಮ್ಯಾಮೊಗ್ರಾಮ್ ಮಾಡಿಸಿಕೊಂಡವರಿಗಿಂತ ಹೆಚ್ಚು ಕಾಲ ಬದುಕಲಿಲ್ಲ. ಯಾವ ತೊಂದರೆಯೂ ಇಲ್ಲದವರಿಗೆ ಸುಮ್ಮನೆ ಸ್ಕ್ಯಾನ್ ಬೇಡ ಅಂತಲೇ ಇವತ್ತಿಗೂ ಇಲ್ಲಿನ ಮಾರ್ಗಸೂಚಿ ಹೇಳೋದು. ಅದರ ಬದಲು ಆಕೆ ಒಂದು ಸೂತ್ರ ಕೊಟ್ಟರು. ಹೊಸ ನೋವು ಎರಡು ವಾರವಾದರೂ ಹೋಗದಿದ್ದರೆ, ಅಥವಾ ದಿನದಿನಕ್ಕೆ ಹೆಚ್ಚಾಗುತ್ತಿದ್ದರೆ ಫೋನ್ ಮಾಡು. ಹೊಸ ಗಂಟು ಕೈಗೆ ಸಿಕ್ಕರೆ, ಉಸಿರಾಟಕ್ಕೆ ಕಷ್ಟವಾದರೆ ಒಂದು ದಿನವೂ ಕಾಯಬೇಡ.

ಎರಡು ವಾರ ಅನ್ನೋದು ಒಂದು ಗಡುವು. ನೋವು ಶುರುವಾದ ತಾರೀಖನ್ನ ಅಡುಗೆಮನೆ ಕ್ಯಾಲೆಂಡರಿನಲ್ಲಿ ಪೆನ್ಸಿಲ್ಲಿನಿಂದ ಬರೆದಿಡ್ತೀನಿ. "ಸೊಂಟ, ಎಡ." "ಭುಜ." ಬಹಳಷ್ಟು ಸಲ ಎಂಟನೇ ದಿನಕ್ಕೆ ನೋವು ಹೋಗಿರುತ್ತೆ, ಬರೆದದ್ದೂ ಮರೆತಿರುತ್ತೆ. ಎರಡು ಸಲ ಮಾತ್ರ ಗಡುವು ದಾಟಿತು. ಫೋನ್ ಮಾಡಿದೆ, ಪರೀಕ್ಷೆ ಮಾಡಿದರು, ಎರಡು ಸಲವೂ ಮಾತ್ರೆಯದೇ ಕಿತಾಪತಿ.

"ಐದು ವರ್ಷ ದಾಟಿದ್ರೆ ಗೆದ್ದಂಗೆ ಕಣೇ" ಅಂತಾರೆ ಚಿಕ್ಕಮ್ಮ. ಇದನ್ನ ಮಾತ್ರ ನನ್ನಿಂದ ಸುಮ್ಮನೆ ಒಪ್ಪಿಕೊಳ್ಳೋಕೆ ಆಗಲ್ಲ. ನನ್ನಂಥ ಕ್ಯಾನ್ಸರಿನ 60,000ಕ್ಕೂ ಹೆಚ್ಚು ಹೆಂಗಸರ ಲೆಕ್ಕ ತೆಗೆದು 2017ರಲ್ಲಿ ಒಂದು ಅಧ್ಯಯನ ಬಂತು. ಐದು ವರ್ಷ ಹಾರ್ಮೋನ್ ಚಿಕಿತ್ಸೆ ಮುಗಿಸಿದ ಮೇಲೂ, ಇಪ್ಪತ್ತನೇ ವರ್ಷದವರೆಗೂ ಮರುಕಳಿಸುವ ಸಾಧ್ಯತೆ ಒಂದೇ ಸಮನೆ ಇದ್ದೇ ಇರುತ್ತೆ ಅಂತ. ಅದೇ ಅಧ್ಯಯನವನ್ನ ಇನ್ನೊಂದು ಬದಿಯಿಂದಲೂ ಓದಬಹುದು. ಗಡ್ಡೆ ಚಿಕ್ಕದಿದ್ದು ಕಂಕುಳಿನ ಗ್ರಂಥಿಗೆ ಹರಡಿರದವರಲ್ಲಿ, ಆ ಹದಿನೈದು ವರ್ಷದಲ್ಲಿ ದೇಹದ ಬೇರೆ ಕಡೆ ಕಾಣಿಸಿಕೊಂಡದ್ದು ನೂರಕ್ಕೆ ಸುಮಾರು 13 ಜನರಿಗೆ. ಅವರೆಲ್ಲ ಹಿಂದಿನ ಕಾಲದ ಚಿಕಿತ್ಸೆ ಪಡೆದವರು, ಈಗಿನ ಚಿಕಿತ್ಸೆ ಇನ್ನೂ ಸುಧಾರಿಸಿದೆ. ಆದರೂ ಇಂಥ ದಿನ ಗೆದ್ದೆ ಅಂತ ಬಾವುಟ ಹಾರಿಸುವ ತಾರೀಖು ನನಗಿಲ್ಲ. ಇದನ್ನ ತಿಳಿದುಕೊಂಡೇ ಬದುಕಬೇಕು.

ವರ್ಷಕ್ಕೊಂದು ಮ್ಯಾಮೊಗ್ರಾಮಿನ ವಾರ ಮಾತ್ರ ಕಷ್ಟ. ಸಾರಿಗೆ ಎರಡು ಸಲ ಉಪ್ಪು ಬೀಳುತ್ತೆ. 2021ರಿಂದ ಬಂದ ನಿಯಮದ ಪ್ರಕಾರ ಇಲ್ಲಿ ರಿಪೋರ್ಟು ತಯಾರಾದ ಕೂಡಲೇ ರೋಗಿಗೂ ಕಾಣಬೇಕು. ಡಾಕ್ಟರು ನೋಡೋದಕ್ಕೆ ಮೊದಲೇ, ರಾತ್ರಿ ಒಂಬತ್ತಕ್ಕೆ, ಚಪಾತಿ ಲಟ್ಟಿಸ್ತಾ ಇರುವಾಗ "ಹೊಸ ಫಲಿತಾಂಶ ಬಂದಿದೆ" ಅಂತ ಫೋನ್ ಟಿಣ್ ಅನ್ನುತ್ತೆ! ನಮ್ಮನೆಯಲ್ಲಿ ಒಂದು ಒಪ್ಪಂದವಿದೆ. ಒಬ್ಬಳೇ ತೆಗೆಯೋ ಹಾಗಿಲ್ಲ, ಊಟ ಆಗೋವರೆಗೂ ತೆಗೆಯೋ ಹಾಗಿಲ್ಲ. ಇವರು ಪಕ್ಕದಲ್ಲಿ ಕೂತು ಜೋರಾಗಿ ಓದ್ತಾರೆ. "ಬೈರಾಡ್ಸ್ 2" ಅಂತಿದ್ದರೆ ಹೆದರುವಂಥದ್ದೇನೂ ಇಲ್ಲ ಅಂತ ಅರ್ಥ. ಜಗತ್ತಿನಲ್ಲಿ ಎರಡು ಅನ್ನೋ ಅಂಕಿಯನ್ನ ನನ್ನಷ್ಟು ಪ್ರೀತಿಸೋರು ಯಾರೂ ಇರಲಿಕ್ಕಿಲ್ಲ.

ಇಷ್ಟೆಲ್ಲ ಇಲ್ಲಿ ಬರೆಯೋಳು ಮೈಸೂರಿನಲ್ಲಿರೋ ಅಮ್ಮನ ಹತ್ತಿರ ಮಾತ್ರ ಬಾಯಿ ಬಿಟ್ಟಿರಲಿಲ್ಲ. ಬಿಡೋಕೆ ಹೋದಾಗಲೆಲ್ಲ "ಬಿಡ್ತು ಅನ್ನು!" ಅಂತಿದ್ದಳು. ನಿಮ್ಮ ಮನೆಗಳಲ್ಲೂ ಅಂದಿರ್ತಾರೆ. ಅಪಶಕುನದ ಮಾತು ಬಾಯಿಗೆ ಬಂದರೆ ಹಿರಿಯರು ಗದರಿಸಿ ಹೇಳಿಸ್ತಾರೆ, ನಾವು "ಬಿಡ್ತು" ಅಂತೀವಿ, ಅಲ್ಲಿಗೆ ದೋಷ ಹೋಯ್ತು. ನಾನೂ ಬಿಡ್ತು ಅಂತಿದ್ದೆ. ಫೋನ್ ಇಟ್ಟ ಮೇಲೆ ಭಯ ಎಲ್ಲಿತ್ತೋ ಅಲ್ಲೇ ಇರ್ತಿತ್ತು, ಬಿಡ್ತಾ ಇರಲಿಲ್ಲ.

ಹೋದ ವರ್ಷ ಮ್ಯಾಮೊಗ್ರಾಮಿನ ಹಿಂದಿನ ರಾತ್ರಿ ಮಾಮೂಲಿಯಾಗಿ ಫೋನ್ ಮಾಡಿದ್ದೆ. "ದನಿ ಯಾಕೆ ಹಿಂಗಿದೆ?" ಅಂದಳು. "ಅಮ್ಮಾ, ನಂಗೆ ತುಂಬಾ ಹೆದರಿಕೆ ಆಗ್ತಿದೆ. ಮತ್ತೆ ಬಂದ್ರೆ ಏನ್ಮಾಡ್ಲಿ?" ಅಂದುಬಿಟ್ಟೆ. ಬಿಡ್ತು ಅನ್ನು ಅಂತಾಳೆ ಅಂತ ಕಾದೆ. ಅನ್ನಲಿಲ್ಲ. ಆ ಕಡೆ ಪ್ರೆಷರ್ ಕುಕ್ಕರ್ ಒಂದು ಸಲ ಕೂಗಿತು. ಆಮೇಲೆ ಅಮ್ಮ, "ನಂಗೂ ಆಗತ್ತೆ ಪುಟ್ಟಿ. ಹೊತ್ತಲ್ಲದ ಹೊತ್ತಲ್ಲಿ ಫೋನ್ ಬಂದ್ರೆ ಎತ್ತೋಕೆ ಕೈ ಬರಲ್ಲ. ನಿಂಗೆ ಹೇಳಿದ್ರೆ ನೀ ಹೆದರ್ತೀಯ ಅಂತ ಹೇಳ್ಲಿಲ್ಲ" ಅಂದಳು.

ಮೂರು ವರ್ಷ ಇಬ್ಬರೂ ಒಂದೇ ಭಯವನ್ನ ಒಬ್ಬರಿಗೊಬ್ಬರು ಗೊತ್ತಾಗದ ಹಾಗೆ ಬಚ್ಚಿಟ್ಟುಕೊಂಡು, ಮಾವಿನಕಾಯಿ ಚಿತ್ರಾನ್ನದ ಬಗ್ಗೆ ಮಾತಾಡ್ತಾ ಇದ್ವಿ! ಆ ರಾತ್ರಿ ಪ್ರಶ್ನೆಯನ್ನ ಅರ್ಧಕ್ಕೆ ನಿಲ್ಲಿಸದೆ ಪೂರ್ತಿ ಮಾಡಿದ್ವಿ. ಮತ್ತೆ ಬಂದರೆ? ಚಿಕಿತ್ಸೆ ಇದೆ. ಯಾರು ಬರ್ತಾರೆ? ತಂಗಿ ಬರ್ತಾಳೆ, ಅವಳ ವೀಸಾ ಇನ್ನೂ ಚಾಲ್ತಿಯಲ್ಲಿದೆ. ಮಗಳ ಓದು? ನಿಲ್ಲಲ್ಲ. "ನಾನೂ ಬರ್ತೀನಿ, ಮಂಡಿ ನೋವಿದ್ರೆ ಇರ್ಲಿ" ಅಂದಳು ಅಮ್ಮ. ಉತ್ತರ ಸಿಕ್ಕ ಪ್ರಶ್ನೆಗೆ ರಾತ್ರಿ ಮೂರು ಗಂಟೆಗೆ ಎಬ್ಬಿಸೋ ಶಕ್ತಿ ಕಡಿಮೆ, ನೋಡಿ.

ಆಸ್ಟ್ರೇಲಿಯಾದ ಮನಶ್ಶಾಸ್ತ್ರಜ್ಞರು ಇಂಥ ಭಯಕ್ಕೆಂದೇ ಒಂದು ಚಿಕಿತ್ಸಾ ಕ್ರಮ ರೂಪಿಸಿ 2017ರಲ್ಲಿ ಅದರ ಫಲಿತಾಂಶ ಪ್ರಕಟಿಸಿದರು. ಯೋಚನೆಯನ್ನ ಅಳಿಸೋಕೆ ಹೋಗಬೇಡಿ, ಅದಕ್ಕೆ ಎಷ್ಟು ಗಮನ ಕೊಡಬೇಕು ಅನ್ನೋದನ್ನ ಕಲೀರಿ ಅನ್ನೋದು ಅದರ ದಾರಿ. ಬರೀ ವಿಶ್ರಾಂತಿಯ ಅಭ್ಯಾಸಕ್ಕಿಂತ ಅದು ಹೆಚ್ಚು ಕೆಲಸ ಮಾಡಿತಂತೆ. ನಿದ್ದೆ ಊಟ ಕೆಡುವಷ್ಟು ಭಯವಿದ್ದರೆ ದಯವಿಟ್ಟು ನಿಮ್ಮ ಡಾಕ್ಟರಿಗೆ ಹೇಳಿ. ಅದೂ ಕಾಯಿಲೆಯದೇ ಭಾಗ, ನಿಮ್ಮ ಮನಸ್ಸಿನ ದೌರ್ಬಲ್ಯ ಅಲ್ಲ.

ಕ್ಯಾಲೆಂಡರಿನಲ್ಲಿ ಸದ್ಯಕ್ಕೆ "ಬಲ ಮಂಡಿ" ಅಂತ ಬರೆದಿದೆ. ಇವತ್ತಿಗೆ ಐದನೇ ದಿನ. ಇನ್ನೂ ಒಂಬತ್ತು ದಿನ ಇದೆ. ಅಷ್ಟರೊಳಗೆ ಈ ವರ್ಷದ ಉಪ್ಪಿನಕಾಯಿ ಹಾಕಿ ಮುಗಿಸಬೇಕು.